ಕಾಫಿ ಕುಯ್ದ ದಿನ ಲಂಜ್ ಇಲ್ಲ

ಮಡಿಕೇರಿ ಸುತ್ತಮುತ್ತ 14 ಮೀಟರ್ ಉದ್ದದ ಸಮತಟ್ಟು ಜಾಗ ಹುಡುಕಿ ನೋಡಿ, ಗೊತ್ತಾಗುತ್ತದೆ. ರಸ್ತೆ ಎಲ್ಲ ಏರು, ಅಂಗಳ ಇಳಿಜಾರು, ಮೈದಾನ ಇದ್ದಲ್ಲಿ ಹಾಕಿ. ಫೆನ್ಸಿಂಗ್ (ಕತ್ತಿವರಸೆ) ಆಡುವ ಅಂಕಣ, ಅಂದರೆ ಪಿಸ್ಟ್‌ಗೆ ಬೇಕಾದದ್ದು ಅಷ್ಟೇ. 14 ಮೀಟರ್ ಉದ್ದ, ಒಂದೂವರೆಯಿಂದ ಎರಡು ಮೀಟರ್ ಅಗಲ. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ ಇದೆ, ಕಾಫಿ ಒಣಗಿಸುವ ಕಣ. ಅದೂ ವರ್ಷವಿಡೀ ಸಿಗುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಹರಡಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಪಾಚಿ, ಕಾಲಿಟ್ಟರೆ ಜಾರುತ್ತದೆ. ಉಳಿದ ತಿಂಗಳು ಕಣ ನಮ್ಮದು.

ನಮ್ಮದು ಅಂದರೆ ನನ್ನದು ಮತ್ತು ಅಣ್ಣನ ಮಗಳದು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ನಾನು ಎಪೆ ಅನ್ನುವ ಕತ್ತಿಯ ಫೆನ್ಸಿಂಗ್ ಕಲಿತೆ. ಊರಿಗೆ ವಾಪಸ್ ಬಂದ ಮೇಲೆ ಕತ್ತಿ ಅಟ್ಟ ಸೇರಿತ್ತು. ಅದನ್ನು ಕೆಳಗಿಳಿಸಿದವಳು ಇವಳು. ಈಗ ಪಿಯು ಓದುತ್ತಿದ್ದಾಳೆ. ಕಾಲೇಜಿನ ಹಾಕಿ ತಂಡದಲ್ಲಿದ್ದಾಳೆ. ರಜೆ ಸಿಕ್ಕಾಗ ಮೈಸೂರಿಗೆ ಹೋಗಿ ಬೌಟ್ (ಒಬ್ಬರ ಎದುರು ಒಬ್ಬರು ಆಡುವ ಪಂದ್ಯ) ಆಡಿ ಬರುತ್ತಾಳೆ, ಮನೆಯಲ್ಲಿ ಫುಟ್‌ವರ್ಕ್ ಮಾಡುತ್ತಾಳೆ. ಇದರ ಮೇಲೆ ತೋಟದ ಕೆಲಸ. ಇವಳನ್ನು ಆಡಿಸುವುದು ಕಷ್ಟವಲ್ಲ, ನಿಲ್ಲಿಸುವುದೇ ಕಷ್ಟ. ಆ ನಿಲ್ಲಿಸುವ ಕೆಲಸದ ಬಗ್ಗೆ ಒಂದಿಷ್ಟು ಬರೆಯೋಣ ಅನ್ನಿಸಿತು. ಫೆನ್ಸಿಂಗ್ ಕಲಿಯುವ ಮಕ್ಕಳ ಮನೆಯವರು ಆಗಾಗ ಕೇಳುತ್ತಲೂ ಇರುತ್ತಾರೆ.

ಮನೆಯವರ ಮೊದಲ ಹೆದರಿಕೆ ಕತ್ತಿಯದು. ನಮ್ಮ ಅಮ್ಮನಿಗೂ ಅದೇ. ಆದರೆ ಮಾಸ್ಕ್, ಜಾಕೆಟ್, ಒಳಗಿನ ಪ್ಲಾಸ್ಟ್ರನ್ ಸರಿಯಾಗಿದ್ದರೆ ಕತ್ತಿಯಿಂದ ದೊಡ್ಡ ಗಾಯ ಆಗುವುದು ತೀರಾ ಅಪರೂಪ. ಫೆನ್ಸಿಂಗ್‌ನವರು ನರಳುವುದು ತಮ್ಮದೇ ಕಾಲಿನಿಂದ. ಪಾದದ ಗಂಟು ಉಳುಕುತ್ತದೆ, ಮಂಡಿ ನೋಯುತ್ತದೆ, ತೊಡೆಯ ಹಿಂಭಾಗ ಇಲ್ಲವೇ ತೊಡೆಸಂದು ಹಿಡಿದುಕೊಳ್ಳುತ್ತದೆ, ಹಿಮ್ಮಡಿಯ ಮೇಲಿನ ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ) ಬಿಗಿಯುತ್ತದೆ. ಆಮೇಲೆ ಸೊಂಟ, ಮೊಣಕೈ. ಇವುಗಳಲ್ಲಿ ಅರ್ಧಕ್ಕರ್ಧ ಒಂದೇ ದಿನ ಆಗುವಂಥವಲ್ಲ. ವಾರಗಟ್ಟಲೆ ಮೆಲ್ಲಗೆ ಕೂಡಿಕೊಂಡು ಬರುತ್ತವೆ.

ಎರಡನೆಯದು ಫಿಟ್‌ನೆಸ್. ಆ ಮಾತು ಬಂದರೆ ನಮ್ಮ ಕಡೆ ಎಲ್ಲರದೂ ಒಂದೇ ಸಲಹೆ, ಬೆಟ್ಟ ಹತ್ತಿಸಿ. ದಿನಾ ಬೆಳಿಗ್ಗೆ ಒಂದು ಗಂಟೆ ಓಡಿಸಿ. ನಾನು ಬೇಡ ಅನ್ನುವುದಿಲ್ಲ. ಆದರೆ ಆಟ ಏನು ಕೇಳುತ್ತದೆ ಅಂತ ಮೊದಲು ನೋಡಬೇಕಲ್ವಾ? ಪೂಲ್ ಅಂದರೆ ಮೊದಲ ಹಂತದ ಗುಂಪು, ಅದರ ಬೌಟ್ ಐದು ಟಚ್ (ಕತ್ತಿ ತಾಗಿಸಿ ಗಳಿಸುವ ಅಂಕ), ಮೂರು ನಿಮಿಷ. ನಾಕೌಟ್‌ಗೆ ಬಂದರೆ 15 ಟಚ್, ಮೂರು ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ವಿರಾಮ. ಅದರೊಳಗೂ ಜೋರು ಇರುವುದು ಕೆಲವೇ ಸೆಕೆಂಡ್. ಹಿಂದೆ ಮುಂದೆ ಓಡಾಟ, ಅಳತೆ ನೋಡುವುದು, ಆಮೇಲೆ ಒಮ್ಮೆಲೇ ನುಗ್ಗುವುದು. ಏಳು ಜನರ ಪೂಲ್ ಆದರೆ ಒಬ್ಬೊಬ್ಬರಿಗೂ ಆರು ಬೌಟ್, ಆಮೇಲೆ ನಾಕೌಟ್. ಬೆಳಿಗ್ಗೆ ಶುರುವಾದದ್ದು ಸಂಜೆಯಾದರೂ ಮುಗಿಯುವುದಿಲ್ಲ. ಹಾಗಾಗಿ ಬೇಕಾದದ್ದು ಮತ್ತೆ ಮತ್ತೆ ನುಗ್ಗುವ ಶಕ್ತಿ, ನಡುವೆ ಬೇಗ ಸುಧಾರಿಸಿಕೊಳ್ಳುವ ಉಸಿರು, ಮಧ್ಯಾಹ್ನ ಮೂರು ಗಂಟೆಗೂ ಹೇಳಿದ ಮಾತು ಕೇಳುವ ಕಾಲು. ಒಂದು ಗಂಟೆ ನಿಧಾನ ಓಟದಿಂದ ಒಂದು ಮಟ್ಟದ ದಮ್ಮು ಬರುತ್ತದೆ. ಈ ಮೂರೂ ಬರುವುದಿಲ್ಲ.

ಹಾಗಂತ ಕೊಡಗಿನಲ್ಲಿ ಹುಟ್ಟಿ ಬೆಟ್ಟವನ್ನು ಬಿಡುವುದು ಯಾಕೆ? ಏರು ರಸ್ತೆಯಲ್ಲಿ ಎಂಟು ಹತ್ತು ಸೆಕೆಂಡ್ ಜೋರಾಗಿ ಓಡಿ, ಉಸಿರು ಪೂರ್ತಿ ಹಿಡಿತಕ್ಕೆ ಬರುವವರೆಗೆ ನಿಂತು, ಇನ್ನೊಮ್ಮೆ ಓಡುವುದು ಫೆನ್ಸಿಂಗ್‌ಗೆ ಬಹಳ ಚೆನ್ನಾಗಿ ಹೊಂದುತ್ತದೆ. ಏರಿನಲ್ಲಿ ಪಾದ ನೆಲಕ್ಕೆ ಬೀಳುವ ಪೆಟ್ಟು ಕಡಿಮೆ, ಹಾಗಾಗಿ ಮಂಡಿಗೂ ಹಿತ. ತೊಂದರೆ ಇರುವುದು ಇಳಿಯುವಾಗ. ಇಳಿಜಾರಿನಲ್ಲಿ ತೊಡೆಯ ಮುಂದಿನ ಮಾಂಸಖಂಡ ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು. ಲಂಜ್ ಅಂದರೆ ಮುಂದಿನ ಕಾಲನ್ನು ದೂರ ಚಾಚಿ ಕತ್ತಿಯೊಂದಿಗೆ ನುಗ್ಗುವುದು. ಅದನ್ನು ಮಾಡಿ ಮುಂದಿನ ಕಾಲು ಊರಿದಾಗಲೂ ಅದೇ ಮಾಂಸಖಂಡ ಅದೇ ಕೆಲಸ ಮಾಡುತ್ತದೆ. ತಡಿಯಂಡಮೋಳ್ 1748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. ಹತ್ತಿ ಬಂದವರನ್ನು ಕೇಳಿ. ಹತ್ತಿದ ದಿನ ಏನೂ ಇರುವುದಿಲ್ಲ. ಮಾರನೆಯ ದಿನ, ಅದರ ಮಾರನೆಯ ದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕು. ಆ ಎರಡು ಮೂರು ದಿನ ಲಂಜ್ ಮಾಡಿಸಿದರೆ ಅದು ತರಬೇತಿ ಅಲ್ಲ, ಹಿಂಸೆ. ಸೋತ ತೊಡೆ ಬ್ರೇಕ್ ಹಾಕದೆ ಹೋದರೆ ಪೆಟ್ಟೆಲ್ಲ ಮಂಡಿಗೆ. ನಮ್ಮ ಮನೆಯ ನಿಯಮ ಸುಲಭ. ಹತ್ತುವಾಗ ಓಡು, ಇಳಿಯುವಾಗ ಜೀಪ್ ಹತ್ತು.

ಇದನ್ನೇ ಸ್ವಲ್ಪ ಹಿಗ್ಗಿಸಿದರೆ ನಾನು ಹೇಳಬೇಕಾದ ಮುಖ್ಯ ಮಾತು ಬರುತ್ತದೆ. ಹಾಕಿ ಕೋಚ್ ಹಾಕಿಯ ಲೆಕ್ಕ ಇಡುತ್ತಾರೆ. ಮೈಸೂರಿನ ಕೋಚ್ ಫೆನ್ಸಿಂಗ್ ಲೆಕ್ಕ ಇಡುತ್ತಾರೆ. ತೋಟದಲ್ಲಿ ಅಣ್ಣ ಎಷ್ಟು ಮೂಟೆ ಕಾಫಿ ಆಯಿತು ಅಂತ ಲೆಕ್ಕ ಇಡುತ್ತಾನೆ. ದೇಹಕ್ಕೆ ಮಾತ್ರ ಪಾಸ್‌ಬುಕ್ ಒಂದೇ. ಮೂವರೂ ಅದೇ ಖಾತೆಯಿಂದ ತೆಗೆಯುತ್ತಿದ್ದಾರೆ, ಒಬ್ಬರು ತೆಗೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹುಡುಗಿಗೆ ನೋವು ಬಂದಾಗ ಮೂವರೂ "ನಾನೇನೂ ಜಾಸ್ತಿ ಮಾಡಿಸಿಲ್ಲ" ಅನ್ನುತ್ತಾರೆ. ಮೂವರ ಮಾತೂ ನಿಜವೇ.

ಅದಕ್ಕೆ ನಾನು ತೋಟದ ಒಂದು ಹಳೆಯ ಚೆಕ್‌ರೋಲ್ ಪುಸ್ತಕ ತೆಗೆದುಕೊಂಡೆ. ಕೆಲಸದವರ ಹಾಜರಿ ಹಾಕುವ ಮನೆಗಳಲ್ಲಿ ಇವಳ ದಿನಚರಿ ಬರೆಯುತ್ತೇನೆ. ಲೆಕ್ಕದ ರೀತಿ ನನ್ನದಲ್ಲ, ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ಅವರದು. ಜಗತ್ತಿನ ಎಷ್ಟೋ ತಂಡಗಳು ಬಳಸುತ್ತವೆ. ಕೆಲಸ ಮುಗಿದು ಅರ್ಧ ಗಂಟೆ ಆದ ಮೇಲೆ ಎಷ್ಟು ಕಷ್ಟ ಆಯಿತು ಅಂತ ಹತ್ತಕ್ಕೆ ಅಂಕ ಕೊಡಬೇಕು. ಅದನ್ನು ನಿಮಿಷಗಳಿಂದ ಗುಣಿಸಬೇಕು. ಒಂದು ಗಂಟೆ ಫುಟ್‌ವರ್ಕ್, ಕಷ್ಟ 6 ಅಂದರೆ 360. ಐದು ಗಂಟೆ ಕಾಫಿ ಕುಯ್ದದ್ದು, ಕಷ್ಟ 3 ಅಂದರೆ 900.

"ಅತ್ತೆ, ಕಾಫಿ ಕುಯ್ಯೋದಕ್ಕೂ ಮಾರ್ಕ್ಸಾ?" ಅಂತ ನಕ್ಕಳು.

"ಮಾರ್ಕ್ಸ್ ಕೊಡೋದು ನೀನೇ ತಾನೇ? ನಾನು ಗುಣಾಕಾರ ಮಾತ್ರ ಮಾಡ್ತೀನಿ" ಅಂದೆ.

ಈ 900 ಮತ್ತು 360 ಒಂದೇ ಜಾತಿಯವಲ್ಲ, ಒಪ್ಪುತ್ತೇನೆ. ಕಾಫಿ ಕುಯ್ಯುವಾಗ ಮಂಡಿಗೆ ಲಂಜ್‌ನ ಪೆಟ್ಟಿಲ್ಲ. ಆದರೆ ಇಳಿಜಾರಿನಲ್ಲಿ ನಿಂತೇ ಇರಬೇಕು, ಬಗ್ಗಬೇಕು, ರೆಂಬೆ ಎಳೆದು ಹಿಡಿಯಬೇಕು, ಸಂಜೆ ಚೀಲ ಎತ್ತಿ ಕೊಡಬೇಕು. ಆ ದಿನ ಸಂಜೆ ಆರಕ್ಕೆ "ಇವತ್ತು ಏನೂ ಪ್ರಾಕ್ಟೀಸ್ ಆಗಿಲ್ಲ" ಅಂತ ಶೂ ಹಾಕಿಕೊಂಡು ಬಂದರೆ ನಾನು ಪುಸ್ತಕ ತೋರಿಸುತ್ತೇನೆ. ಅಷ್ಟಕ್ಕೇ ಆ ಪುಸ್ತಕ. ಅಂಕಿಗಳನ್ನು ಭಾಗಿಸಿ ಸೂತ್ರ ಹಾಕುವವರೂ ಇದ್ದಾರೆ, ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಈ ವಾರದ ಮೊತ್ತ ಹಿಂದಿನ ವಾರಗಳಿಗಿಂತ ಒಮ್ಮೆಲೇ ಜಿಗಿದಿದೆಯೇ ಅಂತ ಕಣ್ಣಳತೆಯಲ್ಲಿ ನೋಡಿದರೆ ಸಾಕು. ವಾರಕ್ಕೆ ಶೇಕಡ 10ರಷ್ಟೇ ಹೆಚ್ಚಿಸಬೇಕು ಅನ್ನುವ ಮಾತನ್ನೂ ಬಹಳ ಜನ ಶಾಸ್ತ್ರದ ಹಾಗೆ ಹೇಳುತ್ತಾರೆ. 20 ನಿಮಿಷ ಮಾಡುವವಳು 30 ಮಾಡಿದರೆ ಏನೂ ಆಗುವುದಿಲ್ಲ. ಮೊದಲೇ ತುಂಬಿ ತುಳುಕುವ ವಾರಕ್ಕೆ ಶೇಕಡ 10 ಕೂಡ ಜಾಸ್ತಿಯೇ. ಸಮಯ ಹೆಚ್ಚಿಸಿದ ವಾರ ವೇಗ ಹೆಚ್ಚಿಸಬಾರದು ಅನ್ನುವುದಷ್ಟು ನೆನಪಿದ್ದರೆ ಆಯಿತು.

ಇನ್ನು ಮಂಡಿಯ ಕತೆ. ಹೋದ ದಸರಾ ರಜೆಯಲ್ಲಿ ಒಂದು ಶಿಬಿರಕ್ಕೆ ಹೋಗಿದ್ದಳು. ಎಲ್ಲಿಯದು, ಯಾರದು ಅನ್ನುವುದು ಬೇಡ. ಅಲ್ಲಿ ತಡವಾಗಿ ಬಂದರೆ ಲಂಜ್, ಮಾತಾಡಿದರೆ ಲಂಜ್, ಬೌಟ್ ಸೋತರೆ ಲಂಜ್. ಶಿಕ್ಷೆಗೆ ಲಂಜ್ ಮಾಡಿಸುವುದು ನನಗೆ ಅರ್ಥವೇ ಆಗದ ವಿಷಯ. ಆಟದಲ್ಲಿ ಅತ್ಯಂತ ಚೊಕ್ಕವಾಗಿ ಮಾಡಬೇಕಾದ ಚಲನೆ ಅದು. ಅದನ್ನು ಸುಸ್ತಾದ ಕಾಲಿನಲ್ಲಿ ಸಿಟ್ಟಿನಿಂದ ನೂರಾರು ಸಲ ಮಾಡಿಸಿದರೆ ಮಕ್ಕಳು ಕಲಿಯುವುದು ಕೆಟ್ಟ ಲಂಜ್ ಅನ್ನೇ. ವಾಪಸ್ ಬಂದವಳು ಜಗಲಿಯ ಮೆಟ್ಟಿಲ ಮೇಲೆ ಕೂತು ಬಲಗಾಲು ಚಾಚಿದಳು. ಎಲ್ಲಿ ನೋವು ಅಂದೆ. ಅಂಗೈ ಇಡಲಿಲ್ಲ, ತೋರುಬೆರಳನ್ನು ಮಂಡಿಚಿಪ್ಪಿನ ಕೆಳತುದಿಗೆ ಸರಿಯಾಗಿ ಒತ್ತಿದಳು. ಊತ ಇರಲಿಲ್ಲ, ಬಿಸಿ ಇರಲಿಲ್ಲ. ಮಡಚಿದರೆ ಪೂರ್ತಿ ಮಡಚುತ್ತಿತ್ತು. ಮೆಟ್ಟಿಲು ಇಳಿಯುವಾಗ, ಲಂಜ್ ಊರುವಾಗ ಮಾತ್ರ ಚುಚ್ಚುತ್ತಿತ್ತು. ಶುರುವಿನಲ್ಲಿ ನೋವು, ಮೈ ಬಿಸಿಯಾದ ಮೇಲೆ ಮಾಯ, ಮಾರನೆಯ ಬೆಳಿಗ್ಗೆ ಮತ್ತೆ ಹಾಜರ್.

ಫಿಸಿಯೋ ನೋಡಿ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ಅಂದರು. ಪೂರ್ತಿ ವಿಶ್ರಾಂತಿ ಬೇಡ, ಹಾಗಂತ ಜಿಗಿತ, ಲಂಜ್, ಇಳಿಜಾರು ಮೂರೂ ಸದ್ಯಕ್ಕೆ ಬೇಡ. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತ ಹಾಗೆ 45 ಸೆಕೆಂಡ್ ನಿಲ್ಲಬೇಕು, ಐದು ಸಲ, ನಡುವೆ ಸುಧಾರಿಸಿಕೊಂಡು. ಅಮ್ಮ ಅಡಿಗೆಮನೆ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಅವರ 45 ಯಾವತ್ತೂ ಒಂದು ನಿಮಿಷ ದಾಟುತ್ತಿತ್ತು, ಹುಡುಗಿ ತೊಡೆ ನಡುಗಿಸುತ್ತಾ "ಅಜ್ಜಿ, ಬೇಗ ಬೇಗ ಎಣಿಸಿ" ಅಂತ ಕೂಗುತ್ತಿದ್ದಳು. ಕೆಲವು ವಾರದ ಮೇಲೆ ನಿಧಾನವಾದ ಸ್ಕ್ವಾಟ್, ಆಮೇಲೆ ತೂಕ ಹಿಡಿದು ಸ್ಕ್ವಾಟ್, ಕೊನೆಗೆ ಲಂಜ್. ನೋವಿಗೂ ಹತ್ತಕ್ಕೆ ಅಂಕ. ಮೂರರ ಒಳಗಿದ್ದು, ಮಾರನೆಯ ಬೆಳಿಗ್ಗೆ ಜಾಸ್ತಿ ಆಗದಿದ್ದರೆ ಮುಂದಿನ ಹೆಜ್ಜೆ. ಆಗಿದ್ದರೆ ಒಂದು ಹೆಜ್ಜೆ ಹಿಂದೆ.

ಇದು ಟೆಂಡನ್ ನೋವಿನ ಮಾತು. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಒಮ್ಮೆಲೇ ಕುಸಿದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ, ಇಲ್ಲವೇ ಮಂಡಿಯ ಕೆಳಗಿನ ಉದ್ದ ಮೂಳೆಯಲ್ಲಿ ಒಂದೇ ಬಿಂದುವಿನಲ್ಲಿ ಮುಟ್ಟಲಾರದ ನೋವಿದ್ದರೆ ಮನೆ ಮದ್ದು, ಎಣ್ಣೆ, ಬ್ಯಾಂಡೇಜು ಅಂತ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ.

ಈ ಟೆಂಡನ್ ಅನ್ನುವ ವಸ್ತುವಿನ ಸ್ವಭಾವ ಗೊತ್ತಿದ್ದರೆ ಅರ್ಧ ಗಾಯ ತಪ್ಪುತ್ತದೆ. ಮಾಂಸಖಂಡ ಬೇಗ ಬಲಿಯುತ್ತದೆ, ಉಸಿರು ಇನ್ನೂ ಬೇಗ ಸುಧಾರಿಸುತ್ತದೆ. ಟೆಂಡನ್ ನಿಧಾನ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ಹೊಸ ಭಾರಕ್ಕೆ ಒಗ್ಗಲು ತಿಂಗಳುಗಳು ಬೇಕು. ಹಾಗಾಗಿ ಅತಿ ಅಪಾಯದ ಸಮಯ ಸುಸ್ತಾದಾಗ ಅಲ್ಲ, ಎರಡು ತಿಂಗಳು ಚೆನ್ನಾಗಿ ಮಾಡಿ "ಈಗ ನಾನು ಫಿಟ್" ಅನ್ನಿಸಿದಾಗ. ದಮ್ಮು ಇದೆ, ತೊಡೆಯಲ್ಲಿ ಬಲ ಇದೆ, ಟೆಂಡನ್ ಇನ್ನೂ ಹಳೆಯ ಜಾಗದಲ್ಲೇ ಇದೆ. ಹಿಂದಿನ ಕಾಲಿನ ಹಿಮ್ಮಡಿಗೂ ಇದೇ ಕತೆ. ಲಂಜ್‌ಗೆ ತಳ್ಳುವ ಶಕ್ತಿಯಲ್ಲಿ ಅದರ ಪಾಲು ದೊಡ್ಡದು. ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ಮತ್ತು ಅವರ ತಂಡ 1998ರಲ್ಲಿ ಪ್ರಕಟಿಸಿದ ಹಿಮ್ಮಡಿಯ ವ್ಯಾಯಾಮ ಇವತ್ತಿಗೂ ಚಾಲ್ತಿಯಲ್ಲಿದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಅವರು ಹೇಳಿದ್ದು ದಿನಕ್ಕೆ ಎರಡು ಬಾರಿ, 12 ವಾರ. 12 ವಾರ ಅಂದರೆ ನಮ್ಮ ಮಳೆಗಾಲದ ಬಹುಪಾಲು. ಎರಡು ದಿನ ಮಾಡಿ ವಾಟ್ಸಾಪಿನಲ್ಲಿ "ಇನ್ನೂ ಕಡಿಮೆ ಆಗಿಲ್ಲ" ಅಂತ ಬರೆಯುವವರಿಗೆ ನಾನು ಕೊಡುವ ಉತ್ತರ ಇಷ್ಟೇ.

ಕಣಕ್ಕೆ ಬರೋಣ. ಸಿಮೆಂಟ್ ನೆಲ ಲಂಜ್‌ಗೆ ಒಳ್ಳೆಯದಲ್ಲ. ಮುಂದಿನ ಕಾಲಿನ ಹಿಮ್ಮಡಿ ಅದೇ ಜಾಗದಲ್ಲಿ ಮತ್ತೆ ಮತ್ತೆ ಬಡಿದು ಒಳಗೇ ಕಂದಿದ ಹಾಗೆ ನೋಯುತ್ತದೆ. ನಾವು ಕುಶಾಲನಗರದಿಂದ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ತಂದು ಸಾಲಾಗಿ ಹಾಸಿದ್ದೇವೆ. ಹಸುವಿಗೆ ತಂದದ್ದು ಅಂತ ಹೇಳಿ ಅಣ್ಣನಿಂದ ದುಡ್ಡು ವಸೂಲಿ ಮಾಡಿದ್ದು ಬೇರೆ ವಿಷಯ. ಅಂಚು ಎದ್ದಿರದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಪಾದ ಸಿಕ್ಕಿ ಗಂಟು ಉಳುಕುತ್ತದೆ. ಶೂ ಬಗ್ಗೆ ಒಂದೇ ಮಾತು. ದಪ್ಪ ಅಟ್ಟೆಯ ಓಟದ ಶೂ ಬೇಡ, ಪಕ್ಕಕ್ಕೆ ವಾಲಿದರೆ ಪಾದ ಮಗುಚುತ್ತದೆ. ಫೆನ್ಸಿಂಗ್ ಶೂ ದುಬಾರಿ ಅನ್ನಿಸಿದರೆ ಬ್ಯಾಡ್ಮಿಂಟನ್ ಶೂ ಸಾಕು, ಮುಂದಿನ ಕಾಲಿಗೆ ಒಂದು ಹೀಲ್ ಕಪ್ ಹಾಕಿ.

ಕಣದ ಸಿಮೆಂಟ್‌ನಲ್ಲಿ ಒಂದು ಉದ್ದ ಗೆರೆ ಇದೆ, ಎರಡು ಸಲ ಹಾಕಿದ ಕಾಂಕ್ರೀಟ್ ಸೇರಿದ ಜಾಗ. ಮ್ಯಾಟನ್ನು ಅದರ ಎರಡೂ ಕಡೆ ಹಾಸಿ ಗೆರೆ ಕಾಣುವಷ್ಟು ಸಂದು ಬಿಟ್ಟಿದ್ದೇವೆ. ಮುಂದಿನ ಪಾದದ ಬೆರಳು ಆ ಗೆರೆಯ ಕಡೆಗೇ ನೋಡಬೇಕು, ಮಂಡಿ ಬೆರಳಿನ ದಿಕ್ಕಿನಲ್ಲೇ ಹೋಗಬೇಕು. ನಾನು ಎದುರು ಕುಕ್ಕರಗಾಲಲ್ಲಿ ಕೂತು ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿಯುತ್ತೇನೆ. ಮೊದಲ ಹತ್ತು ಲಂಜ್‌ನಲ್ಲಿ ಮಂಡಿ ನೇರ. ಇಪ್ಪತ್ತರ ಹೊತ್ತಿಗೆ ಊರುವ ಕ್ಷಣದಲ್ಲಿ ಕೂದಲೆಳೆಯಷ್ಟು ಒಳಗೆ ವಾಲುತ್ತದೆ. ಅವಳಿಗೆ ಗೊತ್ತಾಗುವುದಿಲ್ಲ, ವಿಡಿಯೋದಲ್ಲಿ ಸ್ಪಷ್ಟ. ವಿಡಿಯೋ ಇಲ್ಲದಿದ್ದರೂ ಕಿವಿ ಸಾಕು. ಚೆನ್ನಾಗಿ ಆಡುವಾಗ ಹಿಮ್ಮಡಿ ನೆಲ ಸವರಿಕೊಂಡು ಹೋಗಿ ಮೆಲ್ಲಗೆ "ಟಪ್" ಅನ್ನುತ್ತದೆ. ಕಾಲು ಸೋತಾಗ "ದಡ್". ನಾನು ಬೆನ್ನು ತಿರುಗಿಸಿ ಕಾಫಿ ಕುಡಿಯುತ್ತಾ ಕೂತಿದ್ದರೂ ಎರಡು "ದಡ್" ಸಾಲಾಗಿ ಕೇಳಿದರೆ ಇವತ್ತಿಗೆ ಸಾಕು ಅನ್ನುತ್ತೇನೆ. ಎಷ್ಟು ಲಂಜ್ ಆಯಿತು ಅನ್ನುವುದಕ್ಕಿಂತ ಇದು ಒಳ್ಳೆಯ ಅಳತೆ.

ಪುತ್ತರಿ ಹಬ್ಬದ ಸಮಯದಲ್ಲಿ ಕೊಡವರ ಪರೆಯಕಳಿ ಆಟ ನೋಡಿದವರಿಗೆ ಒಂದು ಮಾತು. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ, ಏಟು ಮಂಡಿಯ ಕೆಳಗೆ ಮಾತ್ರ. ಆಡುವವರ ಕಾಲು ನೋಡಿ. ಎರಡೂ ಕಾಲಿನಲ್ಲಿ ಜಿಗಿಯುತ್ತಾರೆ, ಸುತ್ತುತ್ತಾರೆ. ಫೆನ್ಸಿಂಗ್‌ನಲ್ಲಿ ಹಾಗಲ್ಲ. ಬಲಗೈಯವರಿಗೆ ಸದಾ ಬಲಗಾಲು ಮುಂದೆ, ಎಡಗಾಲು ಹಿಂದೆ, ವರ್ಷಗಟ್ಟಲೆ. ಹಳೆಯ ಆಟಗಾರರ ಎರಡು ತೊಡೆ ಅಳೆದರೆ ಮುಂದಿನದು ದಪ್ಪ. ಅದು ಪೂರ್ತಿ ಸರಿಹೋಗಬೇಕಾಗಿಯೂ ಇಲ್ಲ, ಆಟವೇ ಹಾಗೆ. ಆದರೆ ವ್ಯಾಯಾಮ ಮಾತ್ರ ಎರಡೂ ಕಡೆಗೆ ಆಗಬೇಕು. ನಾವು ಮೈ ಬಿಸಿ ಮಾಡುವಾಗ ಎಡಗೈ ಆಟಗಾರರ ಹಾಗೆ ನಿಂತು ಫುಟ್‌ವರ್ಕ್ ಮಾಡುತ್ತೇವೆ. ವಾರಕ್ಕೆ ಎರಡು ಸಲ ಒಂಟಿಕಾಲ ಸ್ಕ್ವಾಟ್, ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು, ತೊಡೆಸಂದಿಗೆ ಸೈಡ್ ಪ್ಲ್ಯಾಂಕ್. ಜಿಮ್ ಬೇಡ. ಅರ್ಧ ತುಂಬಿದ ಗೊಬ್ಬರದ ಚೀಲ ಅಪ್ಪಿಕೊಂಡರೆ ತೂಕ ಆಯಿತು. ಹಾಕಿಯವರಿಗೆ ಇನ್ನೊಂದು ಎಚ್ಚರಿಕೆ. ಹಾಕಿಯಲ್ಲಿ ಬಗ್ಗಿ ತಿರುಗುವುದು, ಫೆನ್ಸಿಂಗ್‌ನಲ್ಲಿ ಬಗ್ಗಿ ನುಗ್ಗುವುದು, ಎರಡರ ಭಾರವೂ ಸೊಂಟಕ್ಕೇ. ಒಂದೇ ದಿನ ಎರಡೂ ಬೇಡ.

ಕೈಗೂ ಲೆಕ್ಕ ಇದೆ. ನಿಯಮದ ಪ್ರಕಾರ ಎಪೆ 770 ಗ್ರಾಂ ಮೀರುವಂತಿಲ್ಲ. ಕೇಳಲು ಹಗುರ. ಆದರೆ ಬೆಳಗಿಂದ ಗೊನೆಯಿಂದ ಹಣ್ಣು ಬಿಡಿಸಿದ ಬೆರಳು ಅದೇ ಸಂಜೆ ಹಿಡಿಯನ್ನು ಬಿಗಿಯಾಗಿ ಹಿಡಿದರೆ ಮೊಣಕೈಯ ಹೊರಗಡೆ ಉರಿ ಶುರು. ಕುಯ್ಲಿನ ವಾರಗಳಲ್ಲಿ ಕತ್ತಿ ಮುಟ್ಟುವುದು ಹತ್ತು ಹದಿನೈದು ನಿಮಿಷ ಮಾತ್ರ. ಹೆಬ್ಬೆರಳು, ತೋರುಬೆರಳಿನಲ್ಲಿ ತುದಿ ಆಡಿಸುವುದು, ಅಷ್ಟೇ. ಗುರಿಹಲಗೆಗೆ ಬಲವಾಗಿ ಚುಚ್ಚುವುದು ಆಗ ಬೇಡ.

ಇಷ್ಟೆಲ್ಲ ಮಾಡಿಯೂ ದೇಹ ಸೋಲಬಹುದು. ಒಂದೆರಡು ವಾರ ಜಾಸ್ತಿ ಮಾಡಿ, ಸುಸ್ತಾಗಿ, ಆಮೇಲೆ ಬಿಡುವು ಕೊಟ್ಟರೆ ದೇಹ ಮೊದಲಿಗಿಂತ ಗಟ್ಟಿಯಾಗಿ ಎದ್ದು ಬರುತ್ತದೆ. ಅದು ಬೇಕಾದದ್ದೇ. ಬಿಡುವು ಕೊಡದೆ ಎಳೆದರೆ ವಾರಗಳಲ್ಲಿ ಸರಿಹೋಗುವುದು ತಿಂಗಳುಗಳಿಗೆ ಹೋಗುತ್ತದೆ. ನಾನು ನೋಡುವ ಗುರುತುಗಳು ಇವು. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುತ್ತಾಳೆ. ಅಂಕಿ ಎಷ್ಟು ಅನ್ನುವುದು ಮುಖ್ಯ ಅಲ್ಲ, ಅವಳ ಮಾಮೂಲಿಗಿಂತ ಮೂರು ನಾಲ್ಕು ದಿನ ಸತತ ಜಾಸ್ತಿ ಇದೆಯೇ ಅನ್ನುವುದು ಮುಖ್ಯ. ಸುಸ್ತಿದ್ದೂ ನಿದ್ದೆ ಬರುವುದಿಲ್ಲ. ಶೀತ ಬಂದರೆ ಹೋಗುವುದಿಲ್ಲ. ನಿನ್ನೆ ಸುಲಭವಾಗಿದ್ದ ಫುಟ್‌ವರ್ಕ್‌ಗೆ ಇವತ್ತು 8 ಅಂಕ ಕೊಡುತ್ತಾಳೆ. ಎಲ್ಲಕ್ಕಿಂತ ನಂಬಬಹುದಾದ ಗುರುತು ಬೇರೆ. ವಟವಟ ಅನ್ನುವ ಹುಡುಗಿ ಸುಮ್ನೆ ತಟ್ಟೆ ನೋಡಿಕೊಂಡು ಉಣ್ಣುತ್ತಾಳೆ, ಕಡಂಬಿಟ್ಟು ಇನ್ನೆರಡು ಹಾಕಲಾ ಅಂದರೆ ಬೇಡ ಅನ್ನುತ್ತಾಳೆ. ಆವತ್ತೇ ಪುಸ್ತಕ ಮುಚ್ಚುವುದು.

ಊಟದ ಮಾತು ಬಂತಲ್ಲ. ಹುಡುಗಿಯರ ತಾಯಂದಿರು ಇದನ್ನು ಗಮನವಿಟ್ಟು ಓದಿ. ಫೆನ್ಸಿಂಗ್‌ನಲ್ಲಿ ತೂಕದ ವಿಭಾಗಗಳೇ ಇಲ್ಲ. ಕುಸ್ತಿ, ಬಾಕ್ಸಿಂಗ್ ತರಹ ತೂಕ ಇಳಿಸಿ ಇಷ್ಟು ಕೇಜಿಯಲ್ಲಿ ಆಡಬೇಕು ಅನ್ನುವುದಿಲ್ಲ. ಹಾಗಾಗಿ "ಸ್ವಲ್ಪ ತೆಳ್ಳಗಾದರೆ ವೇಗ ಬರುತ್ತೆ" ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಮಾಡುವ ಕೆಲಸಕ್ಕೆ ತಕ್ಕಷ್ಟು ತಿನ್ನದಿದ್ದರೆ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಮುಟ್ಟು ತಪ್ಪುತ್ತದೆ, ಮೂಳೆ ಸೊರಗುತ್ತದೆ, ಸಣ್ಣ ಗಾಯವೂ ಮಾಯುವುದಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರಿಟ್ಟು ಎಲ್ಲ ಆಟದವರಿಗೂ ಎಚ್ಚರಿಕೆ ಕೊಟ್ಟಿದೆ. ಹುಡುಗರಿಗೂ ಆಗುತ್ತದೆ, ಹುಡುಗಿಯರಲ್ಲಿ ಗುರುತು ಬೇಗ ಕಾಣುತ್ತದೆ. ಮುಟ್ಟು ನಿಂತರೆ "ಆಟ ಆಡುವವರಿಗೆ ಅದೆಲ್ಲ ಮಾಮೂಲಿ" ಅನ್ನುವ ಮಾತು ತಪ್ಪು. ಮಾಮೂಲಿ ಅಲ್ಲ, ತೋರಿಸಿ. ನಮ್ಮ ಮನೆಯಲ್ಲಿ ಪಂದಿ ಕರಿಯೂ ಇದೆ, ಅಕ್ಕಿ ರೊಟ್ಟಿಯೂ ಇದೆ. ಪ್ರಾಕ್ಟೀಸ್‌ಗೆ ಮೊದಲು ಬಾಳೆಹಣ್ಣು, ಮುಗಿದ ಮೇಲೆ ಒಂದು ಗಂಟೆಯೊಳಗೆ ಸರಿಯಾದ ಊಟ. ಪೌಡರ್ ಡಬ್ಬಿಯ ಅಗತ್ಯ ಕಂಡಿಲ್ಲ.

ವಿಶ್ರಾಂತಿ ತಗೋ ಅಂದಾಗ ಇವಳು ಭವಾನಿ ದೇವಿ ಹೆಸರು ತೆಗೆಯುತ್ತಾಳೆ. ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಫೆನ್ಸರ್. ಟೋಕಿಯೊದಲ್ಲಿ ಮೊದಲ ಬೌಟ್ 15-3ರಿಂದ ಗೆದ್ದವರು, 2023ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು. ಚೆನ್ನೈಯವರಾದರೂ ಬೆಳೆದದ್ದು ತಲಶ್ಶೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಅಂದರೆ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಸಿಗುವ ಊರು, ನಮಗೆ ಬೆಂಗಳೂರಿಗಿಂತ ಹತ್ತಿರ. "ಅವರು ಹೀಗೆ ರೆಸ್ಟ್ ತಗೊಂಡಿದ್ರಾ ಅತ್ತೆ?" ಅನ್ನುತ್ತಾಳೆ. ಅದಕ್ಕೆ ಅಮ್ಮ ಬೋಪಣ್ಣನನ್ನು ಎಳೆದು ತರುತ್ತಾರೆ. ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. ಮಂಡಿಯ ಮೃದ್ವಸ್ಥಿ ಸವೆದು ಹೋಗಿತ್ತು, ಅಯ್ಯಂಗಾರ್ ಯೋಗದಿಂದ ಆಟ ಮುಂದುವರಿಸಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. "ನೋಡು, ನಮ್ಮ ಹುಡುಗ. ಕಾಲು ನೋಡಿಕೊಂಡದ್ದಕ್ಕೇ ಅಷ್ಟು ವರ್ಷ ಆಡಿದ" ಅನ್ನುವುದು ಅಮ್ಮನ ವಾದ. ವಾದದಲ್ಲಿ ಅಮ್ಮನನ್ನು ಗೆದ್ದವರು ಮನೆಯಲ್ಲಿ ಯಾರೂ ಇಲ್ಲ.

ವರ್ಷದ ಯೋಜನೆಯನ್ನು ನಾನು ಹೆಚ್ಚು ತಲೆಕೆಡಿಸಿಕೊಂಡು ಮಾಡುವುದಿಲ್ಲ, ಕಣ ಮತ್ತು ಮಳೆಯೇ ಅದನ್ನು ಮಾಡಿಕೊಟ್ಟಿವೆ. ಮಳೆಗಾಲದಲ್ಲಿ ಒಳಗೆ ನಿಧಾನದ ಭಾರದ ವ್ಯಾಯಾಮ, ಟೆಂಡನ್ ಬಲಿಯಲು ಅದೇ ಸರಿಯಾದ ಕಾಲ. ಮಳೆ ಕಡಿಮೆಯಾಗಿ ಕಣ ಒಣಗಿದ ಮೇಲೆ ಪಾಚಿ ಉಜ್ಜಿ ತೊಳೆದು ಫುಟ್‌ವರ್ಕ್, ಏರಿನ ಓಟ, ಬೌಟ್. ಕುಯ್ಲು ಶುರುವಾದರೆ ಫೆನ್ಸಿಂಗ್ ಅರ್ಧ. ಹೂಮಳೆ ಬಿದ್ದ ಮೇಲೆ ಮತ್ತೆ ಮೆಲ್ಲಗೆ ಏರಿಸುವುದು. ಇದರೊಳಗೆ ಮೂರು ವಾರ ಮಾಡಿ ನಾಲ್ಕನೆಯ ವಾರ ಅರ್ಧಕ್ಕಿಳಿಸುವುದು. ಆ ಅರ್ಧದ ವಾರ ಅವಳಿಗೆ ಸ್ವಲ್ಪವೂ ಇಷ್ಟವಿಲ್ಲ.

ಪಂದ್ಯದ ದಿನದ ಗಾಯಗಳು ಬಹಳಷ್ಟು ಕಾಯುವುದರಿಂದ ಆಗುತ್ತವೆ. ಪೂಲ್ ಮುಗಿದು ನಾಕೌಟ್ ಪಟ್ಟಿ ಬರುವವರೆಗೆ ತಣ್ಣನೆಯ ನೆಲದ ಮೇಲೆ ಮೊಬೈಲ್ ನೋಡುತ್ತಾ ಕೂತು, ಹೆಸರು ಕರೆದ ಕೂಡಲೇ ಎದ್ದು ಮೊದಲ ಲಂಜ್‌ಗೇ ತೊಡೆ ಹಿಡಿದುಕೊಂಡವರನ್ನು ಕಂಡಿದ್ದೇನೆ. ಸ್ವೆಟರ್ ಹಾಕಿಕೊಂಡಿರಿ, 15 ನಿಮಿಷಕ್ಕೊಮ್ಮೆ ಎದ್ದು ಓಡಾಡಿ, ಬೌಟ್‌ಗೆ ಮೊದಲು ಸಣ್ಣ ಲಂಜ್‌ನಿಂದ ದೊಡ್ಡದಕ್ಕೆ ಹೋಗಿ. ಹಿಂದಿನ ರಾತ್ರಿಯ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ಬೆಳಿಗ್ಗೆ ಆಡುವುದನ್ನು ಆದಷ್ಟು ತಪ್ಪಿಸಿ, ಒಂದು ದಿನ ಮೊದಲೇ ಹೊರಡಿ. ಆ ದೊಡ್ಡ ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಬಸ್‌ಸ್ಟ್ಯಾಂಡಿನಿಂದ ನಡೆಯುವ ಬದಲು ಆಟೋಗೆ ದುಡ್ಡು ಕೊಡಿ.

ಈಗ ಫೆಬ್ರವರಿ ಕೊನೆ. ಕಣದ ತುಂಬ ರೊಬಸ್ಟಾ ಒಣಗುತ್ತಿದೆ, ಮ್ಯಾಟುಗಳು ಜೀಪ್ ಶೆಡ್ಡಿನಲ್ಲಿ ಸುರುಳಿ ಸುತ್ತಿಕೊಂಡಿವೆ. ಹುಡುಗಿಗೆ ಪರೀಕ್ಷೆ ಹತ್ತಿರ ಬಂತು, ರಾತ್ರಿ ಹನ್ನೊಂದರವರೆಗೆ ಓದುತ್ತಾಳೆ. ನಿದ್ದೆ ಕಡಿಮೆಯಾದ ವಾರವೂ ಜಾಸ್ತಿ ಕೆಲಸದ ವಾರವೇ ಅಂತ ಹೇಳಿ ಫುಟ್‌ವರ್ಕ್ ಅನ್ನು ವಾರಕ್ಕೆ ಎರಡು ಸಲ, ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದೇನೆ. ಮಂಡಿ ಚೆನ್ನಾಗಿದೆ, ಏಪ್ರಿಲ್‌ನಲ್ಲಿ ಮೈಸೂರಿಗೆ ಕಳಿಸುತ್ತೇನೆ ಅಂತಲೂ ಹೇಳಿದ್ದೇನೆ. ನನ್ನ ಮೇಲೆ ಸಿಟ್ಟಾಗಿದ್ದಾಳೆ, ನಿನ್ನೆಯಿಂದ ಚೆಕ್‌ರೋಲ್ ಪುಸ್ತಕಕ್ಕೆ ಅಂಕ ಕೊಟ್ಟಿಲ್ಲ. ಅಡಿಗೆಮನೆಯಲ್ಲಿ ಅಜ್ಜಿಯ ಜೊತೆ ಮಾತು ಮಾತ್ರ ಜೋರಾಗಿಯೇ ಕೇಳಿಸುತ್ತಿದೆ, ಹಾಗಾಗಿ ನನಗೇನೂ ಚಿಂತೆ ಇಲ್ಲ.